ಗಾಜಿನ ಬುಡ್ಡಿಯ ಬಂಗಾರದ ಮೀನು

ಸೊಲ್ಲಾಪುರದ ಪೇಟೆಗೆ ಹೋಗಿ ವಿಜಾಪುರ ರಸ್ತೆ ಹಿಡಿದು ಊರಿಗೆ ಮರಳುವ ನಮ್ಮ ಜನರ ಕೈಯಲ್ಲಿ ಈಚೆಗೆ ಒಂದು ಹೊಸ ಸಾಮಾನು ಕಾಣಿಸಹತ್ತಿದೆ. ಗಾಳಿ ತುಂಬಿ ಬಾಯಿ ಕಟ್ಟಿದ ಪ್ಲಾಸ್ಟಿಕ್ ಚೀಲ, ಅದರಲ್ಲಿ ಎರಡು ಬಂಗಾರದ ಮೀನು; ಇನ್ನೊಂದು ಕೈಯಲ್ಲಿ ಗುಂಡನೆಯ ಗಾಜಿನ ಬುಡ್ಡಿ. ಮಕ್ಕಳ ಹಟಕ್ಕೆ ಕೊಂಡದ್ದು. ಎಂಟು ಹತ್ತು ದಿನಗಳಲ್ಲಿ ಮೀನು ಸಾಯುತ್ತವೆ, ಬುಡ್ಡಿಯು ಮಾಡದಲ್ಲಿ ಧೂಳು ತಿನ್ನುತ್ತ ಕೂಡುತ್ತದೆ, ಮುಂದಿನ ಸಂತೆಗೆ ಮತ್ತೆರಡು ಮೀನು ಬರುತ್ತವೆ. "ಅವುಗಳ ಆಯುಷ್ಯವೇ ಅಷ್ಟು" ಎಂದು ಹಿರಿಯರು ಮಕ್ಕಳನ್ನು ಸಮಾಧಾನಪಡಿಸುತ್ತಾರೆ. ಈ ಮಾತು ನಿಜವಲ್ಲ. ನೆಟ್ಟಗೆ ಸಾಕಿದ ಬಂಗಾರದ ಮೀನು ಹತ್ತು ವರ್ಷ ಬಾಳುತ್ತದೆ. ಅಂದರೆ ಒಂದು ಎತ್ತು ನೊಗ ಹೊರುವಷ್ಟು ಕಾಲ. ಗೇಣುದ್ದ ಬೆಳೆಯುತ್ತದೆ. ಅಂಥ ಜೀವವನ್ನು ಐದು ಲೀಟರು ನೀರಿನಲ್ಲಿಟ್ಟು ಕೊಂದು, ಅದರ ಹಣೆಬರಹವೇ ಹೀಗೆಂದು ಎಳೆಯ ಮಕ್ಕಳಿಗೆ ಹೇಳಿಕೊಡುವುದು ಸರಿಯಲ್ಲವೆಂದು ನಮ್ಮ ಅಭಿಪ್ರಾಯ.

ಒಕ್ಕಲುತನದ ಪುಟದಲ್ಲಿ ಇದೇಕೆ ಎಂದು ಕೇಳುವವರುಂಟು. ಈ ಮೀನೂ ಒಂದು ಸಾಕುಪ್ರಾಣಿ, ಅದಕ್ಕಾಗಿ. ದನ, ಕೋಳಿಗಳಂತೆ ಇದೂ ಮನುಷ್ಯನು ಆರಿಸಿ ಆರಿಸಿ ತಳಿ ತೆಗೆದದ್ದು. ಚೀನ ದೇಶದಲ್ಲಿ ಸುಂಗ್ ಅರಸರ ಕಾಲಕ್ಕೆ (960-1279) ಮಾಸಲು ಬಣ್ಣದ ಕೆರೆಯ ಮೀನಿನಲ್ಲಿ ಆಗೊಮ್ಮೆ ಈಗೊಮ್ಮೆ ಹುಟ್ಟುತ್ತಿದ್ದ ಕೆಂಪು, ಹಳದಿ ಮರಿಗಳನ್ನು ಬೇರ್ಪಡಿಸಿ ಕೊಳಗಳಲ್ಲಿ ಬೆಳೆಸಿದರು. ಅತ್ತ ಅರಮನೆಯ ಕೊಳಗಳಲ್ಲಿ ಈ ಮೀನು ಆಡುತ್ತಿದ್ದ 12ನೆಯ ಶತಮಾನದಲ್ಲಿಯೇ ಇತ್ತ ನಮ್ಮ ಸೊನ್ನಲಿಗೆಯಲ್ಲಿ ಸಿದ್ಧರಾಮ ಶಿವಯೋಗಿಗಳು ಜನಕ್ಕಾಗಿ ಕೆರೆ ಕಟ್ಟಿಸಿದರು. ಮುಂದೆ ಚೀನ, ಜಪಾನುಗಳಲ್ಲಿ ಇದರ ಬಗೆಬಗೆಯ ತಳಿಗಳಾದವು: ಇಬ್ಬಾಲದವು, ನೆತ್ತಿಯ ಮೇಲೆ ಗಡ್ಡೆ ಬೆಳೆಯುವ ಓರಾಂಡಾ, ಕಣ್ಣು ಹೊರಚಾಚಿದ ಕರಿಯ ಮೂರ್. ಕಣ್ಣ ಕೆಳಗೆ ನೀರಿನ ಗುಳ್ಳೆ ಜೋಲುವ ಒಂದು ತಳಿಯೂ ಉಂಟು. ಗುಳ್ಳೆ ಎಲ್ಲಿಯಾದರೂ ತಾಕಿದರೆ ಒಡೆಯುತ್ತದೆ. ಅಂಥದನ್ನು ಚೆಲುವೆನ್ನಲು ನಮ್ಮ ಮನಸ್ಸು ಒಪ್ಪದು.

ಬುಡ್ಡಿಯಲ್ಲಿ ಮೀನು ಸಾಯುವುದೇಕೆ? ಹಸಿವಿನಿಂದ ಸಾಯುವುದು ಅಪರೂಪ; ತನ್ನ ಹೊಲಸಿನಲ್ಲಿಯೇ ಸಾಯುತ್ತದೆ. ಮೀನು ಹೊರಬಿಡುವ ಹೊಲಸಿನ ದೊಡ್ಡ ಪಾಲು ಅಮೋನಿಯ. ಅದರ ಬಹುಭಾಗ ಕಿವಿರುಗಳ ಮೂಲಕವೇ ನೀರಿಗೆ ಸೇರುವುದರಿಂದ ನೀರು ತಿಳಿಯಾಗಿ ಕಂಡರೂ ವಿಷವಾಗಿರಬಲ್ಲದು. ಯೂರಿಯ ಹಾಕಿದ ಹೊಲದಲ್ಲಿ ಏನಾಗುತ್ತದೆಂಬುದು ರೈತರಿಗೆ ಗೊತ್ತು. ಮಣ್ಣಿನ ಸೂಕ್ಷ್ಮಜೀವಿಗಳು ಅಮೋನಿಯವನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ಬೆಳೆಯು ಅದನ್ನು ಹೀರುತ್ತದೆ. ನೀರಿನಲ್ಲಿಯೂ ಇದೇ ಕೆಲಸ ನಡೆಯಬೇಕು. ಆದರೆ ಆ ಜೀವಿಗಳು ಕಲ್ಲು, ಉಸುಕು, ಸೋಸುವ ಸ್ಪಂಜುಗಳಿಗೆ ಅಂಟಿ ಬೆಳೆಯಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಕೊಂಡ ದಿನವೇ ಹೊಸ ನೀರಿಗೆ ಬಿಟ್ಟ ಮೀನಿಗೆ ಆ ಆಸರೆ ಇರುವುದಿಲ್ಲ. ಮೇಲಾಗಿ ಬುಡ್ಡಿಯ ಬಾಯಿ ಕಿರಿದು, ನೀರಿಗೆ ಗಾಳಿ ಸಾಲದು. ನೀರು ಬಿಸಿಯಾದಷ್ಟೂ ಅದರಲ್ಲಿ ಪ್ರಾಣವಾಯು ಕಡಿಮೆ: 20 ಡಿಗ್ರಿಯ ನೀರಿನಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಹಿಡಿದರೆ 35 ಡಿಗ್ರಿಯಲ್ಲಿ 7 ಮಾತ್ರ. 18ರಿಂದ 24 ಡಿಗ್ರಿಯ ತಂಪು ಬಯಸುವ ಈ ಮೀನನ್ನು 40 ದಾಟುವ ನಮ್ಮ ಬೇಸಿಗೆಯಲ್ಲಿ ಕಿಡಕಿಯ ಬಿಸಿಲಿಗೆ ಇಟ್ಟರೆ ಕೇಳಬೇಕೆ?

ಇಷ್ಟರಿಂದ ಸಾಕಲೇಬಾರದೆಂದು ನಾವು ಹೇಳುವುದಿಲ್ಲ. ದನಗಳಿಗೆ ನೀರು ಕುಡಿಸುವಂಥ ಸಿಮೆಂಟಿನ ದೋಣಿ ಕಟ್ಟಲು ಬರದ ಒಕ್ಕಲಿಗನುಂಟೆ? ನೂರೈವತ್ತು ಲೀಟರಿನ ಅಗಲ ಬಾಯಿಯ ದೋಣಿಯೊಂದು ಎರಡು ಮೀನಿಗೆ ಸಾಕು. ಹೊಸ ಸಿಮೆಂಟು ಸುಣ್ಣ ಬಿಡುವುದರಿಂದ ಎರಡು ಮೂರು ವಾರ ನೀರು ತುಂಬಿ, ಚೆಲ್ಲಿ, ಮತ್ತೆ ತುಂಬಿ ಹದಗೊಳಿಸಬೇಕು. ನೆರಳು ಬೇಕು, ಆದರೆ ಎಲೆ ಉದುರಿಸುವ ಗಿಡದ ಬುಡ ಬೇಡ. ಎಲೆ ಕೊಳೆತು ನೀರು ಕೆಡುತ್ತದೆ. ಕೊಕ್ಕರೆ, ಮಿಂಚುಳ್ಳಿ, ಬೆಕ್ಕುಗಳ ಕಾಟಕ್ಕೆ ಮೇಲೊಂದು ಬಲೆ. ನಮ್ಮ ಬಾವಿಗಳ ಗಡಸು ನೀರು ಈ ಮೀನಿಗೆ ಒಗ್ಗುತ್ತದೆ. ಬೋರಿನ ನೀರನ್ನು ಮಾತ್ರ ಎತ್ತರದಿಂದ ಸುರುವಿ ಗಾಳಿ ಕೂಡಿಸಿ, ಒಂದು ರಾತ್ರಿ ಬಿಟ್ಟು ಬಳಸಬೇಕು. ನಳದ ನೀರಾದರೆ ಕ್ಲೋರಿನ್ ಹಾರಿಹೋಗಲು ಒಂದು ದಿನವಾದರೂ ಬಾಯಿ ತೆರೆದ ಪಾತ್ರೆಯಲ್ಲಿ ನಿಲ್ಲಬೇಕು. ಪಡಸಾಲೆಯಲ್ಲಿಯೇ ಇಟ್ಟು ನೋಡುವ ಆಸೆಯುಳ್ಳವರು ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರದ ಗಾಜಿನ ಪೆಟ್ಟಿಗೆ ಮಾಡಿಸಲಿ. ತುಂಬಿದಾಗ ಅದು ಒಂದೂವರೆ ಕ್ವಿಂಟಲಿಗೂ ಮಿಕ್ಕಿ ತೂಗುವುದರಿಂದ ಕಟ್ಟಿಗೆಯ ಹಲಗೆಯ ಮೇಲೆ ಇಡಬಾರದು. ಕರೆಂಟು ಹೋದಾಗ ಗಾಳಿಯ ಪಂಪು ನಿಲ್ಲುತ್ತದೆಂಬುದೂ ನೆನಪಿರಲಿ. ತಿನಿಸನ್ನು ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಹಾಕಬೇಕು. ಈ ಮೀನಿಗೆ ಜಠರವೇ ಇಲ್ಲ, ತಿಂದುದು ನೆಟ್ಟಗೆ ಕರುಳಿಗೆ ಇಳಿಯುತ್ತದೆ. ಮಕ್ಕಳು ಬ್ರೆಡ್ಡು, ಚುರಮುರಿ ಹಾಕದಂತೆ ನೋಡಿಕೊಳ್ಳಬೇಕು.

"ಕುಡಿಯುವ ನೀರಿಗೇ ಬರವಿರುವ ನಾಡಿನಲ್ಲಿ ಮೀನಿಗೆ ದೋಣಿಯೇ?" ಎಂಬ ಆಕ್ಷೇಪಣೆ ತೂಕದ್ದು. ಲೆಕ್ಕ ಹಾಕಿ ನೋಡೋಣ. ಐದು ಲೀಟರಿನ ಬುಡ್ಡಿಯ ನೀರನ್ನು ದಿನಾಲು ಚೆಲ್ಲಿದರೆ ವಾರಕ್ಕೆ 35 ಲೀಟರು. ಆದರೂ ಮೀನು ಉಳಿಯದು. ದೋಣಿಯಲ್ಲಿ ವಾರಕ್ಕೊಮ್ಮೆ ಕಾಲು ಪಾಲು ತೆಗೆದರೆ ಸುಮಾರು ಅಷ್ಟೇ, ಮೂರು ಕೊಡ. ಪೂರ್ತಿ ಬರಿದು ಮಾಡಿ ತಿಕ್ಕಿ ತೊಳೆಯಬಾರದು. ತೊಳೆದರೆ ಆರು ವಾರ ಬೆಳೆಸಿದ ಸೂಕ್ಷ್ಮಜೀವಿಗಳೂ ಹೋಗುತ್ತವೆ. ತೆಗೆದ ನೀರಿನಲ್ಲಿ ನೈಟ್ರೇಟ್ ಇರುವುದರಿಂದ ಕರಿಬೇವಿಗೆ, ನಿಂಬೆಯ ಗಿಡಕ್ಕೆ ಹಾಕಿರಿ. ಈ ಮೂರು ಕೊಡವೂ ಹೊರೆಯೆನಿಸುವ ಮನೆಯವರು ಮೀನು ಕೊಳ್ಳದಿರುವುದೇ ಲೇಸು.

ದಾಳಿಂಬೆ, ದ್ರಾಕ್ಷಿ ಬೆಳೆಯುವವರಿಗೆ ಒಂದು ಮಾತು. ಸೈಪರ್‌ಮೆಥ್ರಿನ್‌ದಂಥ ಕೀಟನಾಶಕಗಳು ಮೀನಿಗೆ ಅತಿ ಘೋರ. ನೀರಿನಲ್ಲಿ ಲೇಶಮಾತ್ರವಿದ್ದರೂ ಕೊಲ್ಲುತ್ತವೆ. ಸಿಂಪಡಿಸಿ ಬಂದ ಕೈಯನ್ನು ದೋಣಿಯಲ್ಲಿ ಅದ್ದಬೇಡಿರಿ, ಔಷಧಿಯ ಡ್ರಮ್ಮು ಎಷ್ಟು ತೊಳೆದರೂ ಮೀನಿಗೆ ಬೇಡ. ಮನೆಯೊಳಗೆ ಸೊಳ್ಳೆಗೆ ಹೊಡೆಯುವ ಔಷಧಿಗಳಲ್ಲಿಯೂ ಬಹಳಷ್ಟು ಇದೇ ಜಾತಿಯವು.

ಇನ್ನು ನಮ್ಮನ್ನು ನಿಜವಾಗಿ ಕಾಡುವ ಸಂಗತಿ. ಸಾಕಲು ಬೇಸರ ಬಂದವರು "ಪಾಪ, ಬದುಕಿಕೊಳ್ಳಲಿ" ಎಂದು ಮೀನನ್ನು ಬಾವಿಗೋ ಕೆರೆಗೋ ಬಿಡುತ್ತಾರೆ. ಪುಣ್ಯದ ಕೆಲಸವೆಂದು ತಿಳಿದೇ ಬಿಡುತ್ತಾರೆ. ಅಮೆರಿಕದ ಮಿನೆಸೋಟಾ ಸೀಮೆಯ ಬರ್ನ್ಸ್‌ವಿಲ್ ಎಂಬ ಊರಿನ ಕೆರೆಯಲ್ಲಿ ಹೀಗೆ ಬಿಟ್ಟ ಬಂಗಾರದ ಮೀನು ಕಾಲ್ಚೆಂಡಿನ ಗಾತ್ರಕ್ಕೆ ಬೆಳೆದು, ತಳದ ಕೆಸರು ಕೆದರಿ ನೀರು ಕೆಡಿಸುತ್ತಿವೆಯೆಂದು 2021ರಲ್ಲಿ ಅಲ್ಲಿಯ ನಗರಾಡಳಿತವು ಜನರನ್ನು ಎಚ್ಚರಿಸಬೇಕಾಯಿತು. ಅಷ್ಟು ದೂರ ಹೋಗುವುದೇಕೆ? 1952ರಲ್ಲಿ ನಮ್ಮ ದೇಶಕ್ಕೆ ತಂದ ತಿಲಾಪಿಯ ಎಷ್ಟೋ ಕೆರೆಗಳಲ್ಲಿ ನಾಡಮೀನಿನ ಜಾಗ ಕಸಿದಿದೆ. ಆಫ್ರಿಕದ ಮಾಗುರನ್ನು ಸರಕಾರವು 2000ದಲ್ಲಿಯೇ ನಿಷೇಧಿಸಬೇಕಾಯಿತು.

ಹತ್ತಿರದ ಹಾನಿ ಬೇರೊಂದಿದೆ. 2016ರಲ್ಲಿ ಮಹಾರಾಷ್ಟ್ರ ಸರಕಾರವು 'ಮಾಗೇಲ ತ್ಯಾಲಾ ಶೇತತಳೆ' ಯೋಜನೆ ತಂದ ಮೇಲೆ ನಮ್ಮ ಭಾಗದ ಹೊಲಗಳಲ್ಲಿ ಹೊಂಡಗಳಾಗಿವೆ. ಕೆಲವರು ಅವುಗಳಲ್ಲಿ ರೋಹು, ಕಟ್ಲಾ ಬಿಟ್ಟು ನಾಲ್ಕು ಕಾಸು ಕಾಣುತ್ತಿದ್ದಾರೆ. ಪೇಟೆಯ ಬಂಗಾರದ ಮೀನಿನ ಮೈಯಲ್ಲಿ ಮೀನುಹೇನು, ಮೈಗೆ ನಾಟಿಕೊಳ್ಳುವ ಲಂಗರು ಹುಳು ಇರುವುದುಂಟು. ರೋಹು, ಕಟ್ಲಾಗಳೂ ಅದೇ ಕುಲದವಾದ್ದರಿಂದ ಇವು ಅವಕ್ಕೂ ಅಂಟುತ್ತವೆ. ಮಗುವಿನ ಎರಡು ಮೀನು ನೆರೆಯವನ ಹೊಂಡದ ವರ್ಷದ ಗಳಿಕೆಯನ್ನೇ ತಿನ್ನಬಹುದು. ವಿಜಾಪುರ ರಸ್ತೆಯ ಬದಿಯ ಕಂಬರ ಕೆರೆ (ಈಗಿನ ಸಂಭಾಜಿ ಕೆರೆ) ಇರಲಿ, ನಮ್ಮೂರ ಹಳ್ಳದ ಮಡುವಿರಲಿ, ಅಲ್ಲಿ ಈ ಮೀನಿಗೆ ಎಡೆಯಿಲ್ಲ. ಬೇಡವಾದರೆ ಸಾಕುವವರಿಗೆ ಕೊಡಿರಿ, ಇಲ್ಲವೆ ಮಾರಿದ ಅಂಗಡಿಗೆ ಒಯ್ಯಿರಿ. ಅಂಗಡಿಯವರು ತಿರುಗಿ ತೆಗೆದುಕೊಳ್ಳುವರೋ ಇಲ್ಲವೋ ಎಂಬುದನ್ನು ಕೊಳ್ಳುವ ಮುಂಚೆಯೇ ಕೇಳಿರಿ. ಬುಡ್ಡಿಯ ಬದಲು ದೊಡ್ಡ ಪೆಟ್ಟಿಗೆ ಇದೆಯೇ ಎಂದೂ ಕೇಳಿರಿ. ಹತ್ತು ಜನ ಹೀಗೆ ಕೇಳಿದರೆ ಬುಡ್ಡಿಗಳು ಅಂಗಡಿಯ ಮುಂದಿನ ಸಾಲಿನಿಂದ ತಾವಾಗಿಯೇ ಹಿಂದೆ ಸರಿದಾವು.