ಸರ್ವರ್ ಇಲ್ರಿ, ನಾಳೆ ಬರ್ರಿ

ಧಾರವಾಡ ಜಿಲ್ಲೆಯ ಕುಂದಗೋಳ ತಾಲ್ಲೂಕಿನ ಯರಗುಪ್ಪಿ ಸೀಮೆಯಲ್ಲಿ ಜುಲೈ ಎಂದರೆ ಹೆಸರು, ಹತ್ತಿಯ ಹೊಲದಲ್ಲಿ ಎಡೆಕುಂಟಿ ಹೊಡೆಯುವ ಕಾಲ. ಮುಂಗಾರು ಬೆಳೆವಿಮೆಗೆ ಗಡುವು ಬರುವುದೂ ಅದೇ ತಿಂಗಳಲ್ಲಿ. ಕೆಲಸ ಬಿಟ್ಟು, ಪಹಣಿ, ಆಧಾರ್, ಪಾಸ್‌ಬುಕ್ಕಿನ ಝೆರಾಕ್ಸುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಸೇವಾ ಕೇಂದ್ರಕ್ಕೆ ಬಂದ ರೈತನಿಗೆ ಎಷ್ಟೋ ಸಲ ಸಿಗುವ ಉತ್ತರ: ‘ಸರ್ವರ್ ಇಲ್ರಿ ಅಜ್ಜಾರ, ನಾಳೆ ಬರ್ರಿ.’ ಗಡುವಿನ ಕೊನೆಯ ದಿನ ಅಜ್ಜನಿಗೆ ಈ ಮಾತು ಕೇಳಿಸಿದರೆ, ಆ ಹಂಗಾಮಿನ ವಿಮೆಯ ಆಸೆಯನ್ನೇ ಬಿಡಬೇಕಾಗುತ್ತದೆ.

‘ಸರ್ವರ್ ಇಲ್ಲ’ ಎಂಬುದು ಈಗ ಹಳ್ಳಿಗಳಲ್ಲಿ ಮಳೆ ಬಂದಿಲ್ಲ ಎಂಬಷ್ಟು ಸಹಜವಾದ ಮಾತಾಗಿದೆ. ಆದರೆ ಮಳೆ ಯಾರ ಕೈಯಲ್ಲೂ ಇಲ್ಲ, ಕಂಪ್ಯೂಟರ್ ಇದೆ. ಆ ಒಂದು ಮಾತಿನ ಹಿಂದೆ ಹತ್ತು ಬೇರೆ ಬೇರೆ ಕಾರಣಗಳು ಅಡಗಿರುತ್ತವೆ: ಬೆಂಗಳೂರಿನ ಡೇಟಾ ಕೇಂದ್ರದಲ್ಲಿ ದಟ್ಟಣೆ ಇರಬಹುದು, ರಸ್ತೆ ಅಗೆಯುವ ಜೆಸಿಬಿ ಕೇಬಲ್ ಕಿತ್ತಿರಬಹುದು, ಯುಪಿಎಸ್ ಬ್ಯಾಟರಿ ಸತ್ತಿರಬಹುದು. ಯಾವುದು ಎಂದು ಹೇಳಬಲ್ಲವರು ಊರಲ್ಲಿ ಇರುವುದಿಲ್ಲ. ಗ್ರಾಮ ಪಂಚಾಯಿತಿಗೆ ಕರ ವಸೂಲಿಗಾರ ಇದ್ದಾನೆ, ನೀರು ಬಿಡಲು ವಾಟರ್‌ಮನ್ ಇದ್ದಾನೆ, ದತ್ತಾಂಶ ತುಂಬಲು ಆಪರೇಟರ್ ಇದ್ದಾರೆ. ಅಲ್ಲಿನ ಕಂಪ್ಯೂಟರುಗಳನ್ನು ಸುಸ್ಥಿತಿಯಲ್ಲಿ, ಸುರಕ್ಷಿತವಾಗಿ ಇಡುವುದೇ ತನ್ನ ಕೆಲಸ ಎನ್ನುವವರು ಮಾತ್ರ ಯಾರೂ ಇಲ್ಲ.

ಹಾಗಂತ ಕರ್ನಾಟಕಕ್ಕೆ ಇದು ಹೊಸ ವಿದ್ಯೆಯೇನಲ್ಲ. ಎರಡು ದಶಕಗಳ ಹಿಂದೆಯೇ ‘ಭೂಮಿ’ ಯೋಜನೆಯಲ್ಲಿ 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. 15 ರೂಪಾಯಿ ಕೊಟ್ಟರೆ ತಾಲ್ಲೂಕು ಕೇಂದ್ರದಲ್ಲಿ ಪಹಣಿ ಕೈಗೆ ಬರುತ್ತಿತ್ತು. ಆಗಲೇ ಸಿಬ್ಬಂದಿ ಬೆರಳಚ್ಚು ಕೊಟ್ಟು ಒಳಹೋಗುವ ವ್ಯವಸ್ಥೆ ಮಾಡಿ, ಯಾರು ಏನು ತಿದ್ದಿದರು ಎಂಬುದು ದಾಖಲಾಗುವಂತೆ ನೋಡಿಕೊಂಡಿದ್ದರು. ಆ ಎಚ್ಚರ ಆಮೇಲಿನ ಎಲ್ಲ ಯೋಜನೆಗಳಲ್ಲೂ ಉಳಿಯಲಿಲ್ಲ.

2023ರಲ್ಲಿ ಅದರ ಬೆಲೆ ಗೊತ್ತಾಯಿತು. ಆಸ್ತಿ ನೋಂದಣಿಯ ‘ಕಾವೇರಿ’ ಜಾಲತಾಣದಲ್ಲಿದ್ದ ಕ್ರಯಪತ್ರಗಳಿಂದ ವಂಚಕರು ಜನರ ಬೆರಳಚ್ಚು, ಆಧಾರ್ ಸಂಖ್ಯೆ ತೆಗೆದು, ಆಧಾರ್ ಆಧಾರಿತ ಪಾವತಿಯ ಮೂಲಕ ಬ್ಯಾಂಕ್ ಖಾತೆಗಳಿಂದ ಹಣ ಎಳೆದರು. ಒಟಿಪಿ ಬರಲಿಲ್ಲ, ಯಾರೂ ಫೋನ್ ಮಾಡಿ ಪುಸಲಾಯಿಸಲಿಲ್ಲ. ಹಣ ಹೋದ ಮೇಲೆ ಮೆಸೇಜ್ ಬಂತು, ಅಷ್ಟೇ. ಮಂಗಳೂರು ಪೊಲೀಸರು ಇಂಥ ಪ್ರಕರಣದಲ್ಲಿ ಬಿಹಾರದವರನ್ನು ಬಂಧಿಸಿದರು. ಪತ್ರಗಳಲ್ಲಿನ ಬೆರಳಚ್ಚನ್ನು ಮರೆಮಾಚುವ ಕೆಲಸವನ್ನು ಇಲಾಖೆ ಕೈಗೆತ್ತಿಕೊಂಡದ್ದು ಆಮೇಲೆ. ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆ ನೆನಪಾಗದೆ ಇರದು.

ಅದೇ ಜಾಲತಾಣದ ಮೇಲೆ 2025ರ ಜನವರಿಯಲ್ಲಿ ಇನ್ನೊಂದು ಬಗೆಯ ದಾಳಿ ನಡೆಯಿತು. ಸುಳ್ಳು ಖಾತೆಗಳನ್ನು ತೆರೆದು, ಆಸ್ತಿಯ ಋಣಭಾರ ಪತ್ರ (ಇಸಿ) ಹುಡುಕುವ ನೆಪದಲ್ಲಿ ಸಾವಿರಾರು ಕೋರಿಕೆಗಳನ್ನು ಒಂದೇ ಸಮನೆ ಸುರಿದರು. 62 ಖಾತೆಗಳು, 14 ಐಪಿ ವಿಳಾಸಗಳು ಇದರ ಹಿಂದಿದ್ದವು ಎಂದು ಸರ್ಕಾರ ಹೇಳಿತು. ಸಂತೆಯ ದಿನ ಬಸ್ಸಿನ ಬಾಗಿಲಿಗೆ, ಊರಿಗೆ ಹೋಗುವ ಉದ್ದೇಶವೇ ಇಲ್ಲದ ನೂರು ಮಂದಿ ಅಡ್ಡ ನಿಂತಂತೆ ಅದು. ನಿಜವಾಗಿ ಹೋಗಬೇಕಾದವರು ಕೆಳಗೇ ಉಳಿದರು. ರಾಜ್ಯದ ಉಪನೋಂದಣಾಧಿಕಾರಿ ಕಚೇರಿಗಳಲ್ಲಿ ಕೆಲಸ ಬಹುತೇಕ ನಿಂತಿತು. ಕಾದು ಕುಳಿತವರಿಗೆ ಅದೂ ಬರೀ ‘ಸರ್ವರ್ ಇಲ್ಲ’ವೇ.

ಇಂಥ ದಾಳಿ ತಡೆಯುವುದು ರಾಜಧಾನಿಯ ಕೆಲಸ. ಊರಲ್ಲೇ ಆಗಬೇಕಾದ ಕೆಲಸ ಬೇರೆ ಇದೆ, ಅದು ಚಿಕ್ಕದೇನಲ್ಲ.

ಈ ಸೀಮೆಯ ಯರಿ ಮಣ್ಣನ್ನೇ ನೋಡಿ. ಬೇಸಿಗೆಯಲ್ಲಿ ಕಾಲು ಇಳಿಯುವಷ್ಟು ಬಿರುಕು ಬಿಡುತ್ತದೆ. ಅರ್ಥಿಂಗ್ ಸರಳಿನ ಸುತ್ತಲಿನ ಮಣ್ಣು ಒಣಗಿ ದೂರ ಸರಿದರೆ ಅರ್ಥಿಂಗ್ ಹೆಸರಿಗಷ್ಟೇ ಉಳಿಯುತ್ತದೆ. ಮೊದಲ ಮಳೆಯ ಸಿಡಿಲಿಗೆ ರೂಟರ್, ಮದರ್‌ಬೋರ್ಡ್ ಸುಡುತ್ತವೆ. ಇದ್ದಲಿ, ಉಪ್ಪು ತುಂಬಿದ ಅರ್ಥಿಂಗ್ ಗುಂಡಿಗೆ ಬೇಸಿಗೆಯಲ್ಲಿ ಆಗಾಗ ಎರಡು ಕೊಡ ನೀರು ಹಾಕಿದರೆ ಎಷ್ಟೋ ಅನುಕೂಲ. ಸಿಪಿಯು ತೆರೆದರೆ ಫ್ಯಾನಿನ ರೆಕ್ಕೆಗೆ ಅದೇ ಮಣ್ಣಿನ ಕರಿ ಧೂಳು ಮೆತ್ತಿರುತ್ತದೆ. ಯಂತ್ರ ಕಾದು ತಾನಾಗಿಯೇ ಆಫ್ ಆಗುತ್ತದೆ, ಅರ್ಧ ತುಂಬಿದ ಅರ್ಜಿ ಹೋಗುತ್ತದೆ. ಮೆಣಸಿನಕಾಯಿ ಬಿಡಿಸಿ, ಕಳೆ ಕಿತ್ತು ಸವೆದ ಹೆಬ್ಬೆರಳನ್ನು ಬೆರಳಚ್ಚು ಯಂತ್ರದ ಗಾಜಿನ ಮೇಲೆ ನಾಲ್ಕು ಸಲ ಒತ್ತಿದರೂ ಗುರುತು ಸಿಗದ ಅಜ್ಜಿ, ಸೆರಗಿಗೆ ಬೆರಳು ಒರೆಸಿ ಐದನೇ ಸಲ ಒತ್ತುತ್ತಾಳೆ. ಹಲವು ಸಲ ಒರೆಸಬೇಕಾದದ್ದು ಆಕೆಯ ಬೆರಳನ್ನಲ್ಲ, ಆ ಗಾಜನ್ನು.

ಸುರಕ್ಷತೆಯೂ ಹೀಗೆಯೇ ದಿನನಿತ್ಯದ ಕೆಲಸ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಳ್ಳಿಯ ಕಚೇರಿಗಳಲ್ಲಿ ಎಷ್ಟು ಯಂತ್ರಗಳು ಇನ್ನೂ ಅದರಲ್ಲೇ ಇವೆ ಎಂದು ಲೆಕ್ಕ ಹಾಕುವವರು ಬೇಕು. ಮಾನಿಟರ್ ಅಂಚಿಗೆ ಚೀಟಿ ಅಂಟಿಸಿದ ಪಾಸ್‌ವರ್ಡನ್ನು ಕಿತ್ತು, ಪ್ರತಿಯೊಬ್ಬರಿಗೂ ಬೇರೆ ಲಾಗಿನ್ ಕೊಡುವವರು ಬೇಕು. ಆಧಾರ್ ಆಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡುವುದನ್ನು, ಹಣ ಹೋದ ತಕ್ಷಣ 1930ಕ್ಕೆ ಕರೆ ಮಾಡುವುದನ್ನು ಊರವರಿಗೆ ಕೂರಿಸಿಕೊಂಡು ಹೇಳಿಕೊಡುವವರು ಬೇಕು. ಸಣ್ಣ ಊರನ್ನು ಯಾರು ಕೇಳುತ್ತಾರೆ ಎನ್ನುವಂತಿಲ್ಲ: 2024ರ ಜುಲೈ ಕೊನೆಯಲ್ಲಿ ಸಿ-ಎಡ್ಜ್ ಎಂಬ ತಂತ್ರಜ್ಞಾನ ಕಂಪನಿಯ ಮೇಲೆ ರ‍್ಯಾನ್ಸಮ್‌ವೇರ್ ದಾಳಿಯಾದಾಗ ಪಾವತಿ ಜಾಲದಿಂದ ದೂರವಾದದ್ದು ದೇಶದ ಸುಮಾರು 300 ಸಣ್ಣ ಬ್ಯಾಂಕುಗಳು, ಹೆಚ್ಚಿನವು ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳೇ.

ನಾಲ್ಕೈದು ಪಂಚಾಯಿತಿಗೆ ಒಬ್ಬರಂತೆ, ಐಟಿಐ ಅಥವಾ ಡಿಪ್ಲೊಮಾ ಓದಿದ ಹತ್ತಿರದ ಊರಿನ ಹುಡುಗ ಹುಡುಗಿಯರನ್ನೇ ಈ ಕೆಲಸಕ್ಕೆ ನೇಮಿಸಬಹುದು. ಐಐಟಿ, ಐಐಐಟಿ ಎರಡೂ ಇರುವ ಜಿಲ್ಲೆ ಧಾರವಾಡ. ತರಬೇತಿಗೆ ದೂರ ಹೋಗಬೇಕಿಲ್ಲ.

ನೇಮಕ ಆಗುವವರೆಗೂ ಕಾಯಬೇಕಿಲ್ಲದ ಕೆಲಸ ಒಂದಿದೆ. ಪ್ರತಿ ಕೇಂದ್ರದ ಬಾಗಿಲಲ್ಲಿ ಒಂದು ಕರಿಹಲಗೆ, ಮೇಜಿನ ಮೇಲೆ ಒಂದು ರಿಜಿಸ್ಟರ್ ಇರಲಿ: ಯಾವ ದಿನ, ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ, ಯಾವ ಕಾರಣಕ್ಕೆ ಕೆಲಸ ನಿಂತಿತು, ಎಷ್ಟು ಜನ ವಾಪಸ್ ಹೋದರು. ವಿಮೆಯ ಗಡುವಿನ ದಿನ ಬಂದು ಬರಿಗೈಲಿ ಹೋದ ರೈತನ ಹೆಸರು ಆ ಪುಸ್ತಕದಲ್ಲಿದ್ದರೆ, ಮರುದಿನ ಅವನ ಅರ್ಜಿ ತೆಗೆದುಕೊಳ್ಳಿ ಎಂದು ಪಂಚಾಯಿತಿ ತಾಲ್ಲೂಕು ಕಚೇರಿಯಲ್ಲಿ ಕೇಳಬಹುದು.