ತೆಲುಗಿಗೂ ಕನ್ನಡಕ್ಕೂ ನಡುವೆ 128

ನಾನು ಬ್ಯಾಂಕಿನ ಗುಮಾಸ್ತ. ಓದಿದ್ದು ಬಿ.ಕಾಂ. ಎಕ್ಸೆಲ್ ಫಾರ್ಮುಲಾ ಬರೀತಾ ಬರೀತಾ ಜಾವಾಸ್ಕ್ರಿಪ್ಟ್ ಹುಚ್ಚು ಹಿಡೀತು. ರಾತ್ರಿ ಊಟ ಆದ ಮೇಲೆ ಒಂದು ತಾಸು ಅದೇ ಕೆಲಸ. "ದಿನಾ ಬ್ಯಾಂಕಿನ್ಯಾಗ ಕುಟ್ಟೋದು ಸಾಲದೇನ್ರಿ" ಅಂತ ಮನೆಯಾಕಿ ಬೈತಾಳ.

ಶುರುವಾದದ್ದು ಪದಗಳಿಂದ. ಮಕ್ತಲ್ ಕಡೆಯ ಕೌಂಟರಿನಲ್ಲಿ ಕೂತವರಿಗೆ ಗೊತ್ತು, ಕೃಷ್ಣಾ ಮಂಡಲದ ಅಜ್ಜಿ ಕನ್ನಡದಾಗ ಮಾತು ಶುರು ಮಾಡಿ ನಡುವೆ ತೆಲುಗಿಗೆ ಹೊರಳ್ತಾಳೆ. ಲೆಕ್ಕಕ್ಕೆ ಬಂದರೆ ಜಮಾ, ಬಾಕಿ, ವಸೂಲಿ, ರಸೀದಿ, ಬೇಬಾಕಿ, ಎಲ್ಲಾ ಪಾರ್ಸಿ-ಅರಬ್ಬಿಯಿಂದ ಬಂದವು. ರೊಕ್ಕ ಮಾತ್ರ ನಮ್ಮದೂ ಹೌದು, ತೆಲುಗಿನವರಿಗೆ ರೊಕ್ಕಂ. ಇಂಥವನ್ನು ಚೀಟಿ ಹಿಂದೆ ಬರೆದಿಟ್ಟು ಮನೆಗೆ ಬಂದು ನನ್ನದೇ ಒಂದು ಫೈಲಿಗೆ ಸೇರಿಸ್ತಿದ್ದೆ, ಕನ್ನಡ ಅಕ್ಷರದಲ್ಲಿ.

ಅಕ್ಕನ ಮಗಳಿಗೆ ತೋರಿಸಿದೆ. ಎಂಟನೇ ಕ್ಲಾಸು, ತೆಲುಗು ಮೀಡಿಯಂ. ಮನೆಯಲ್ಲಿ ನಮ್ಮೆಲ್ಲರಿಗಿಂತ ಜಾಸ್ತಿ ಕನ್ನಡ ಮಾತಾಡೋಳು. ಫೋನ್ ವಾಪಸ್ ಕೊಟ್ಟು ಅಂದಳು: "ನೀ ಓದು ಮಾಮಾ, ಕೇಳಿದ್ರ ತಿಳೀತದ. ನನಗ ಓದಾಕ ಬರಂಗಿಲ್ಲ."

ನಾರಾಯಣಪೇಟ, ಮಕ್ತಲ್, ಗದ್ವಾಲ ಕಡೆ ಇಂಥ ಎಷ್ಟು ಮಂದಿ ಇದ್ದಾರೆ ಅಂತ ನಿಮ್ಮ ಮನೆಯಲ್ಲೇ ಎಣಿಸಿ ನೋಡಿ.

ಆ ರಾತ್ರಿ ಯುನಿಕೋಡ್ ಪಟ್ಟಿ ತೆಗೆದು ಕೂತೆ. ಕಂಪ್ಯೂಟರಿಗೆ ಪ್ರತಿ ಅಕ್ಷರವೂ ಒಂದು ನಂಬರು. ತೆಲುಗಿನ ಜಾಗ 3072ರಿಂದ 3199. ಮುಂದಿನ ನಂಬರು 3200ರಿಂದ ಕನ್ನಡ, 3327ರವರೆಗೆ. ಅಲ್ಲೂ ನಾವು ಗಡಿಯಲ್ಲೇ! ತೆಲುಗಿನ ‘ಅ’ 3077, ಕನ್ನಡದ ‘ಅ’ 3205. ತೆಲುಗಿನ ‘ಕ’ 3093, ಕನ್ನಡದ್ದು 3221. ಯಾವುದನ್ನು ಕಳೆದರೂ 128. ಇದು ಆಕಸ್ಮಿಕ ಅಲ್ಲ. 1988ರ ಇಸ್ಕಿ ಎಂಬ ಭಾರತೀಯ ಸಂಕೇತ ವ್ಯವಸ್ಥೆ ನಮ್ಮ ಲಿಪಿಗಳಿಗೆಲ್ಲ ಒಂದೇ ಸಾಲು ಹಾಕಿತ್ತು, ಯುನಿಕೋಡ್ ಅದನ್ನೇ ಅನುಸರಿಸಿತು. ಅಂದರೆ ಕನ್ನಡ ಪದವನ್ನು ತೆಲುಗು ಅಕ್ಷರದಲ್ಲಿ ತೋರಿಸಲು 128 ಕಳೆದರೆ ಸಾಕು. ನಾಲ್ಕು ಸಾಲಿನ ಕೋಡು.

ಹಳಗನ್ನಡದ ೞ ಒಂದು ಕೈ ಕೊಡ್ತದೆ, ಅದು ಬೇರೆ ಜಾಗದಲ್ಲಿ ಕೂತಿದೆ. ಅದಕ್ಕೆ ಯುನಿಕೋಡ್ ಪಟ್ಟಿಯಲ್ಲಿ ‘ಫ’ ಅಂತ ತಪ್ಪು ಹೆಸರು ಬೇರೆ. ಇಟ್ಟ ಹೆಸರು ಬದಲಿಸುವ ಹಾಗಿಲ್ಲ ಅನ್ನೋ ನಿಯಮ ಇರೋದರಿಂದ ಹಾಗೇ ಉಳಿದಿದೆ. ನಮ್ಮ ಪಾಸ್‌ಬುಕ್ಕಿನ ಹೆಸರುಗಳ ಕಥೆ ನೆನಪಾಯ್ತು.

ಒಂದು ಬಟನ್ ಇಟ್ಟೆ. ಒತ್ತಿದರೆ ಇಡೀ ಪುಟ ತೆಲುಗು ಲಿಪಿ. ಹುಡುಗಿ ಪಟಪಟ ಓದಿದಳು, ನಾನು ಹಿಗ್ಗಿದೆ. ಗದ್ವಾಲದ ಗೆಳೆಯನಿಗೆ ಕಳಿಸಿದರೆ ಅವನು ಸಿಟ್ಟಾದ. "ಹಿಂಗ್ ಮಾಡಿದ್ರ ಕನ್ನಡ ಅಕ್ಷರ ಯಾಕ ಕಲೀತಾರೋ? ಇದ್ದಿದ್ದೂ ಕಳೀತಿ ನೀ." ಹಳೇ ಕಾಲದ ಮನುಷ್ಯ ಅಂದುಕೊಂಡೆ. ತಿಂಗಳಾದ ಮೇಲೆ ನೋಡಿದರೆ ಅವನ ಮಾತೇ ನಿಜ. ಆಕೆ ಬಟನ್ ಒತ್ತಿದ್ದು ಮತ್ತೆ ಬಿಟ್ಟೇ ಇರಲಿಲ್ಲ.

ಆ ಬಟನ್ ಕಿತ್ತು ಹಾಕಿದೆ. ಈಗ ಪುಟ ಕನ್ನಡದಲ್ಲೇ ತೆರೀತದೆ. ತೊಡಕಾದ ಪದದ ಮೇಲೆ ಬೆರಳಿಟ್ಟರೆ ಆ ಪದವೊಂದೇ ತೆಲುಗಿಗೆ ತಿರುಗಿ, ಬೆರಳೆತ್ತಿದ ಕೂಡಲೇ ವಾಪಸ್. ಎರಡೂ ಒಂದು ಕಾಲಕ್ಕೆ ಒಂದೇ ಲಿಪಿ ಆಗಿದ್ದವಲ್ಲ, ಬಹಳ ಅಕ್ಷರ ತಾನೇ ಗುರುತು ಸಿಕ್ಕವು. ಸಿಕ್ಕಿಬಿದ್ದದ್ದು ಅರ್ಕಾವೊತ್ತಿನಲ್ಲಿ. ‘ಸೂರ್ಯ’ ಪದಕ್ಕೆ ಎರಡು ಲಿಪಿಯಲ್ಲೂ ಕೋಡಿನ ಕ್ರಮ ಒಂದೇ: ರ, ಹಲಂತ, ಯ. ಆದರೆ ತೆಲುಗಿನಲ್ಲಿ ರ ಮೇಲೆ ನಿಲ್ತದೆ, ಯ ಕೆಳಗೆ ಒತ್ತು. ನಮ್ಮಲ್ಲಿ ಯ ನಿಲ್ತದೆ, ರ ಹಿಂದೆ ಬರ್ತದೆ. "ಯ ಮುಂದ ಇದೇನು ಬಾಲ?" ಅಂತ ಕೇಳ್ತಾಳೆ. ಇದನ್ನು ಕೋಡು ಹೇಳಿಕೊಡಲಿಲ್ಲ, ನಾನೇ ಪಾಟಿ ಹಿಡಿದು ಕೂಡಬೇಕಾಯ್ತು.

ಅದಕ್ಕೇ ಒಂದು ಮಾತು. ಸಂವಿಧಾನದ 350ಎ ವಿಧಿ 1956ರಲ್ಲೇ ಬಂದಿದೆ. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯಲ್ಲಿ ಕಲಿಸುವ ಅನುಕೂಲ ಮಾಡಲು ರಾಜ್ಯ ಪ್ರಯತ್ನಿಸಬೇಕು ಅಂತ ಹೇಳ್ತದೆ. ನನ್ನ ಕೋಡು ತೋರಿಸಿ "ಆ್ಯಪ್ ಅದಲ್ಲ, ಕನ್ನಡ ಮೇಷ್ಟ್ರು ಯಾಕ" ಅಂತ ಯಾರಾದರೂ ಅಂದರೆ ಮೊದಲು ಜಗಳಕ್ಕೆ ಬರೋನು ನಾನೇ.

ನಾವು ಯುವಕರ ತಪ್ಪೂ ಒಂದಿದೆ. ನವೆಂಬರ್ 1 ಬಂದರೆ ಚಂದದ ಪೋಸ್ಟರ್ ಹಾಕ್ತೀವಿ, ಕನ್ನಡವೆಲ್ಲ ಚಿತ್ರದೊಳಗೆ. ಅದನ್ನು ಕಾಪಿ ಮಾಡಿ ನನ್ನ ಕೋಡಿಗೆ ಹಾಕಕ್ಕಾಗಲ್ಲ, ಕಳೆಯೋಕೆ ನಂಬರೇ ಇರಲ್ಲ. ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದೂ ಹಾಗೇ, ಫೋನಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆ. ಪೋಸ್ಟರ್ ಹಾಕ್ರಿ, ಕೆಳಗೆ ಅದೇ ಮಾತನ್ನು ಯುನಿಕೋಡ್‌ನಲ್ಲಿ ಟೈಪ್ ಮಾಡ್ರಿ. ಎರಡು ನಿಮಿಷದ ಕೆಲಸ.

ನನ್ನದು ಒಂದೇ ಎಚ್‌ಟಿಎಂಎಲ್ ಫೈಲು, ನೆಟ್ ಇಲ್ಲದಿದ್ದರೂ ಫೋನಿನಲ್ಲಿ ತೆರೀತದೆ. ಬೇಕಾದವರು ಕೇಳಿ, ಕಳಿಸ್ತೀನಿ. ನಿಮ್ಮೂರಿನ ಲೆಕ್ಕದ ಪದ, ಹೊಲದ ಪದ, ಮಗ್ಗದ ಪದ ಇದ್ದರೆ ಕಾಮೆಂಟಿನಲ್ಲಿ ಬರೀರಿ. ಊರಿನ ಹೆಸರು ಮರೀಬೇಡ್ರಿ.