ನಲವತ್ತು ಗಜದ ಗೆರೆ

ಕೋವಿಯ ಗುಂಡು ಎಷ್ಟು ದೂರ ಹೋದೀತು ಎಂಬುದು ಭೌತಶಾಸ್ತ್ರದ ಪ್ರಶ್ನೆ. ಎಷ್ಟು ದೂರದಿಂದ ಅದನ್ನು ಹಾರಿಸತಕ್ಕದ್ದು ಎಂಬುದು ನೀತಿಯ ಪ್ರಶ್ನೆ. ಅಮೆರಿಕದ ಕಾಡು ಟರ್ಕಿ ಬೇಟೆಗಾರರ ನಡುವೆ ಈ ಕುರಿತು ನಡೆದಿರುವ ವಾದವು ಮಲೆನಾಡಿನ ಓದುಗರ ಗಮನಕ್ಕೂ ಅರ್ಹವಾದುದು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಮೋಜಿನ ಬೇಟೆಗೆ ಅವಕಾಶವಿಲ್ಲ. ಇರಬೇಕಾದ ಅಗತ್ಯವೂ ಇಲ್ಲ. ಆದರೆ ಆ ವಾದದ ತಿರುಳು ಬೇಟೆಯೊಂದಕ್ಕೇ ಸೀಮಿತವಲ್ಲ.

ಇಲ್ಲಿ ಸಾಕುಹಕ್ಕಿಯಾಗಿ ಪರಿಚಿತವಾಗಿರುವ ಟರ್ಕಿ ಕೋಳಿಯ ತವರು ಉತ್ತರ ಅಮೆರಿಕ. ಅರಣ್ಯನಾಶ ಮತ್ತು ಅಂಕೆಯಿಲ್ಲದ ಬೇಟೆಯಿಂದಾಗಿ 20ನೆಯ ಶತಮಾನದ ಆರಂಭದ ಹೊತ್ತಿಗೆ ಕಾಡು ಟರ್ಕಿಯು ತನ್ನ ಹಳೆಯ ನೆಲೆಗಳ ಬಹುಭಾಗದಿಂದ ಕಣ್ಮರೆಯಾಗಿತ್ತು. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆಯು ಬಂದೂಕು ಮತ್ತು ತೋಟಾಗಳ ಮೇಲಿನ ತೆರಿಗೆಯನ್ನು ವನ್ಯಜೀವಿಗಳ ಪುನರುಜ್ಜೀವನಕ್ಕೆ ಮೀಸಲಿಟ್ಟಿತು. 1950ರ ದಶಕದಿಂದ ಕಾಡಿನ ಹಕ್ಕಿಗಳನ್ನು ಬಲೆಯಲ್ಲಿ ಹಿಡಿದು, ಬರಿದಾದ ಕಾಡುಗಳಿಗೆ ಒಯ್ದು ಬಿಡಲಾಯಿತು. 21ನೆಯ ಶತಮಾನದ ಮೊದಲ ವರ್ಷಗಳಲ್ಲಿ ಅವುಗಳ ಸಂಖ್ಯೆ ಅಂದಾಜು 60 ಲಕ್ಷವನ್ನು ಮೀರಿತು. ಅನಂತರ ಆಗ್ನೇಯದ ಹಲವು ರಾಜ್ಯಗಳಲ್ಲಿ ಮತ್ತೆ ಇಳಿಮುಖ ಕಂಡುಬಂದಿದೆ. ಜಾರ್ಜಿಯಾ ರಾಜ್ಯವು ಒಬ್ಬ ಬೇಟೆಗಾರನು ಒಂದು ಋತುವಿನಲ್ಲಿ ಕೊಲ್ಲಬಹುದಾದ ಗಂಡುಹಕ್ಕಿಗಳ ಮಿತಿಯನ್ನು 2022ರಲ್ಲಿ 3ರಿಂದ 2ಕ್ಕೆ ಇಳಿಸಿತು.

ವಸಂತಕಾಲದಲ್ಲಿ ಬೇಟೆಗಾರನು ಮರದ ಬುಡದಲ್ಲಿ ಅಲುಗಾಡದೆ ಕುಳಿತು, ಹೆಣ್ಣಿನ ಕೂಗನ್ನು ಅನುಕರಿಸಿ ಗಂಡುಹಕ್ಕಿಯನ್ನು ಬಳಿಗೆ ಕರೆಯುತ್ತಾನೆ. ಗುರಿಯಿಡುವುದು ತಲೆ ಮತ್ತು ಕತ್ತಿಗೆ; ದಪ್ಪ ಗರಿ ಮತ್ತು ಎದೆಯ ಮಾಂಸದಲ್ಲಿ ಸಿಕ್ಕಿಕೊಂಡ ಗುಂಡು ಕೂಡಲೇ ಕೊಲ್ಲುವುದಿಲ್ಲ. ತೋಟಾದಿಂದ ಹೊರಟ ನೂರಾರು ಸಣ್ಣ ಗುಂಡುಗಳು ಮುಂದೆ ಹೋದಂತೆ ಹರಡುತ್ತವೆ. ದೂರ ಇಮ್ಮಡಿಯಾದರೆ ಹರವಿನ ಅಗಲವೂ ಸುಮಾರು ಇಮ್ಮಡಿಯಾಗಿ, ಅದು ಆವರಿಸುವ ಜಾಗ ನಾಲ್ಮಡಿಯಾಗುತ್ತದೆ. ಗುಂಡುಗಳ ಸಂಖ್ಯೆ ಹೆಚ್ಚುವುದಿಲ್ಲ, ವೇಗವಂತೂ ಕುಗ್ಗುತ್ತದೆ. ಸೀಸದ ಗುಂಡಿಗೆ 40 ಗಜ, ಅಂದರೆ ಸುಮಾರು 37 ಮೀಟರು, ಕೊನೆಯ ಗೆರೆಯೆಂಬ ರೂಢಿಯ ಹಿಂದೆ ಈ ಲೆಕ್ಕವಿದೆ. ಋತುವಿಗೆ ಮುನ್ನ ಕಾಗದಕ್ಕೆ ಹೊಡೆದು, 10 ಅಂಗುಲದ ವೃತ್ತದೊಳಗೆ ಸುಮಾರು 100 ಗುಂಡುಗಳು ಬಿದ್ದಿವೆಯೇ ಎಂದು ಎಣಿಸಿ ನೋಡುವ ಪದ್ಧತಿಯೂ ಉಂಟು.

ಈಗ ಟಂಗ್‌ಸ್ಟನ್ ಮಿಶ್ರಲೋಹದ ಗುಂಡು ಬಂದಿದೆ. ಸೀಸದ ಸಾಂದ್ರತೆ ಘನ ಸೆಂಟಿಮೀಟರಿಗೆ 11.3 ಗ್ರಾಂ, ಇದರದು ಸುಮಾರು 18 ಗ್ರಾಂ. ಆದ್ದರಿಂದ 2 ಮಿಲಿಮೀಟರು ಗಾತ್ರದ ಗುಂಡು ಕೂಡ ಆಳಕ್ಕೆ ಇಳಿಯುತ್ತದೆ, ಒಂದು ತೋಟಾದಲ್ಲಿ ಅಂಥವು ಹೆಚ್ಚು ಹಿಡಿಸುತ್ತವೆ. ಸೀಸದಂತೆ ಮಣ್ಣಿನಲ್ಲಿ ಉಳಿದು, ಹೆಕ್ಕಿ ತಿಂದ ಹಕ್ಕಿಗಳಿಗೆ ವಿಷವಾಗುವ ಭಯವೂ ಕಡಿಮೆ. ಇವು ನಿಜವಾದ ಗುಣಗಳು. 40 ಗಜದೊಳಗೆ ಇದನ್ನು ಬಳಸಿದರೆ ಹಕ್ಕಿ ನರಳದೆ ಸಾಯುವ ಸಂಭವ ಹೆಚ್ಚುತ್ತದೆ. ಆದರೆ ಇದೇ ಗುಂಡಿನ ಬಲದಿಂದ 60 ಗಜಕ್ಕೂ ಆಚೆ ಹೊಡೆಯುವುದನ್ನು ಹೆಮ್ಮೆಯೆಂದು ತಿಳಿಯುವವರು ಹುಟ್ಟಿಕೊಂಡಿದ್ದಾರೆ. ತಪ್ಪು ಆರಂಭವಾಗುವುದು ಇಲ್ಲಿ.

ಗುಂಡು ಸುಧಾರಿಸಿದೆ, ಮನುಷ್ಯನ ಕಣ್ಣು ಸುಧಾರಿಸಿಲ್ಲ. ಮರಗಳ ನಡುವೆ 45 ಗಜವೋ 60 ಗಜವೋ ಎಂಬ ಅಂದಾಜು ಸುಲಭವಾಗಿ ತಪ್ಪುತ್ತದೆ. ಹಕ್ಕಿ ಕತ್ತನ್ನು ಕೊಂಕಿಸುತ್ತದೆ, ನಡುವೆ ರೆಂಬೆ ಅಡ್ಡ ಬರುತ್ತದೆ, ಹಿಂದೆ ನಿಂತ ಹೆಣ್ಣಿಗೂ ನಾಲ್ಕು ಗುಂಡು ತಗಲುತ್ತದೆ. ದೂರದಲ್ಲಿ ಅಲುಗಿದ್ದು ಹಕ್ಕಿಯೋ, ಹಸಿರು ಉಡುಪಿನಲ್ಲಿ ಕುಳಿತ ಇನ್ನೊಬ್ಬ ಬೇಟೆಗಾರನೋ ಎಂಬುದೂ ಸ್ಪಷ್ಟವಾಗದು. ಗಾಯಗೊಂಡು ಹಾರಿದ ಹಕ್ಕಿ ಪೊದೆಯೊಳಗೆ ದಿನಗಟ್ಟಲೆ ನರಳಿ ಸತ್ತರೆ ಅದು ಯಾರ ಮಿತಿಯಿಂದಲೂ ಕಳೆಯುವುದಿಲ್ಲ, ಯಾವ ಇಲಾಖೆಯ ಪಟ್ಟಿಗೂ ಸೇರುವುದಿಲ್ಲ. ಸಂಖ್ಯೆ ಕುಸಿಯುತ್ತಿರುವ ಕಾಡಿನಲ್ಲಿ ಈ ಲೆಕ್ಕವಿಲ್ಲದ ಸಾವು ಸಣ್ಣ ವಿಷಯವಲ್ಲ.

ಸರ್ಕಾರವು ಋತು, ಸಂಖ್ಯೆ, ಗುಂಡಿನ ಗಾತ್ರಗಳನ್ನು ಗೊತ್ತುಪಡಿಸಬಲ್ಲದು. ಕುದುರೆ ಎಳೆಯುವ ಕ್ಷಣದಲ್ಲಿ ದೂರವನ್ನು ಅಳೆಯಲು ಅಧಿಕಾರಿ ಅಲ್ಲಿರುವುದಿಲ್ಲ. ಬೇಟೆಗಾರನ ನಡತೆಯನ್ನು ನೋಡಿ ಚಪ್ಪಾಳೆ ತಟ್ಟುವ ಅಥವಾ ತೆಗಳುವ ಪ್ರೇಕ್ಷಕರಿಲ್ಲ, ಅವನ ಅಂತಃಸಾಕ್ಷಿಯೇ ಅವನಿಗೆ ಕಾವಲು ಎಂಬ ಅರ್ಥದ ಮಾತನ್ನು ಅರಣ್ಯತಜ್ಞ ಆಲ್ಡೊ ಲಿಯೊಪಾಲ್ಡ್ ತಮ್ಮ 1949ರ ಪುಸ್ತಕದಲ್ಲಿ ಬರೆದಿದ್ದಾರೆ. ಹಕ್ಕಿ ಹತ್ತಿರ ಬಾರದಿದ್ದರೆ ಕೋವಿಯನ್ನು ಕೆಳಗಿಳಿಸಿ ಮನೆಗೆ ಹಿಂತಿರುಗುವುದೂ ಆ ವಿದ್ಯೆಯ ಭಾಗವೇ.

ಬೆಳೆ ಕಾಯುವ ಕೋವಿಗಳಿರುವ ಮಲೆನಾಡು ಮತ್ತು ಕೊಡಗಿಗೆ ಈ ಲೆಕ್ಕ ಅನ್ಯವಲ್ಲ. ದೂರದಿಂದ ಹೊಡೆದರೆ ಆನೆ ಹೆದರಿ ಓಡೀತು, ಅದಕ್ಕೇನೂ ಆಗದು ಎಂಬ ನಂಬಿಕೆ ಕೆಲವರಲ್ಲಿದೆ. ಸತ್ತ ಆನೆಗಳ ಮರಣೋತ್ತರ ಪರೀಕ್ಷೆಯಲ್ಲಿ ಚರ್ಮದಡಿ ಗುಂಡುಗಳು ಸಿಕ್ಕಿರುವುದು ಆ ನಂಬಿಕೆಗೆ ಉತ್ತರವಾಗಿದೆ. ದೂರವು ಗುಂಡಿನ ಕೊಲ್ಲುವ ಶಕ್ತಿಯನ್ನು ಕುಗ್ಗಿಸುತ್ತದೆಯೇ ಹೊರತು ನೋಯಿಸುವ ಶಕ್ತಿಯನ್ನು ಅಷ್ಟು ಬೇಗ ಕುಗ್ಗಿಸುವುದಿಲ್ಲ. ಗಾಯಗೊಂಡ ಆನೆ ಮರುದಿನ ಅದೇ ತೋಟಕ್ಕೆ ಇನ್ನಷ್ಟು ಕೆರಳಿ ಬರಬಹುದು. ಅದರ ಎದುರಿಗೆ ಸಿಕ್ಕುವವರು ಕೂಲಿಗೆ ಹೋಗುವ ಹೆಂಗಸರು, ಶಾಲೆಗೆ ಹೋಗುವ ಮಕ್ಕಳು. ಉಪಕರಣದ ಬಲ ಹೆಚ್ಚಿದಷ್ಟೂ ಅದನ್ನು ಹಿಡಿದವರ ಹೊಣೆ ಹೆಚ್ಚುತ್ತದೆ ಎಂಬ ತಿಳಿವಳಿಕೆಯನ್ನು ಊರಿನ ಹಿರಿಯರೂ ವಿದ್ಯಾರ್ಥಿಗಳೂ ಕೂಡಿ ಬೆಳೆಸಬೇಕಾಗಿದೆ.